ಮರದ ಋಣ, ಪ್ಲಾಸ್ಟಿಕ್ಕಿನ ಋಣ

ನಮ್ಮೂರು ಬ್ಯಾಡಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದ ನಾವು ಕೆಲವರು ಸೇರಿ, ಮಕ್ಕಳು ಬಯಲಲ್ಲಿ ಕೂತು ಓದುವುದಕ್ಕೆ ಒಂದು ಜಾಗ ಮಾಡಿಕೊಡೋಣವೆಂದು ಹಣ ಕೂಡಿಸಿದೆವು. ಅಂಗಳದ ಬೇವಿನ ಮರದ ಸುತ್ತ ಹತ್ತು ಬೆಂಚು, ಅಂಚಿಗೆ ಮೊಣಕಾಲೆತ್ತರದ ಬೇಲಿ. ಯೋಜನೆ ಇಷ್ಟೇ. ಹಾವೇರಿಯಿಂದ ಒಂದು ದರಪಟ್ಟಿ ಬಂತು: ಮರುಬಳಕೆಯ ಪ್ಲಾಸ್ಟಿಕ್ ಹಲಗೆಯ ಬೆಂಚುಗಳು, ಗೆದ್ದಲು ಹತ್ತುವುದಿಲ್ಲ, ಬಣ್ಣ ಬೇಕಿಲ್ಲ, ನಿರ್ವಹಣೆ ಬೇಕಿಲ್ಲ. ಇನ್ನೊಂದು ಲೆಕ್ಕ ಊರಿನ ಬಡಿಗೇರ ಅಜ್ಜ ಬಾಯಲ್ಲೇ ಹೇಳಿದ್ದು, ಕಟ್ಟಿಗೆಯ ಬೆಂಚುಗಳದು. ಎರಡರ ಬೆಲೆಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಹಾಗಾಗಿ ದುಡ್ಡು ನಮ್ಮ ಪರವಾಗಿ ತೀರ್ಮಾನ ಮಾಡಲಿಲ್ಲ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ದಿನ ಜಗಳವಾಯಿತು. ಕೊನೆಗೆ ಯಾರೋ ಬರೆದರು: ‘ಆಕಿ ನೀತಿಶಾಸ್ತ್ರದಾಗ ಪಿಎಚ್.ಡಿ. ಮಾಡಾಕತ್ತಾಳಲ್ಲ, ಆಕೀನ ಹೇಳ್ಲಿ ಯಾವುದು ಸರಿ ಅಂತ.’ ನಾನು ಬಸ್ಸಿನಲ್ಲಿದ್ದೆ. ಎರಡು ನಿಮಿಷದಲ್ಲಿ ಉತ್ತರ ಟೈಪ್ ಮಾಡಿದೆ. ಪ್ಲಾಸ್ಟಿಕ್ಕೇ ಸರಿ, ಒಂದು ಮರವೂ ಉಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ ಎಂದು. ಹೆಬ್ಬೆರಳುಗಳು ಸಾಲಾಗಿ ಬಂದವು. ಇಷ್ಟು ಸುಲಭವಾಗಿ ಒಂದು ನೈತಿಕ ಪ್ರಶ್ನೆ ಬಗೆಹರಿದರೆ ಅನುಮಾನ ಪಡಬೇಕು ಎಂದು ತರಗತಿಯಲ್ಲಿ ಹೇಳಿಕೊಡುವವಳು ನಾನೇ. ಆವತ್ತು ಅದು ನೆನಪಾಗಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಬಡಿಗೇರ ಅಜ್ಜನ ಮನೆ ಮುಂದೆ ಹಾದು ಹೋಗಬೇಕಾಯಿತು. ಒಂದು ಕಾಲಕ್ಕೆ ಆ ಅಂಗಳದಲ್ಲಿ ಚಕ್ಕಡಿ, ಕುಂಟೆ, ಕೂರಿಗೆ ತಯಾರಾಗುತ್ತಿದ್ದವು. ಈಗ ಬಾಗಿಲು, ಕಿಟಕಿ, ಅದೂ ಅಪರೂಪಕ್ಕೆ. ಕೆಲಸ ತಪ್ಪಿದ್ದಕ್ಕೆ ಸಿಟ್ಟಾಗಿದ್ದಾರೆಂದುಕೊಂಡು ತಲೆ ತಗ್ಗಿಸಿ ನಡೆದೆ. ಅವರೇ ಕರೆದರು. ಕೆಲಸದ ಮಾತು ಎತ್ತಲೇ ಇಲ್ಲ. ಎರಡು ಪ್ರಶ್ನೆ ಕೇಳಿದರು.

‘ಮರ ಉಳಿತೈತಿ ಅಂತ ಬರದೀಯಂತಲ್ಲವಾ ತಂಗಿ, ಯಾವ ಮರ ಉಳೀತು?’

ನನಗೆ ಉತ್ತರ ಹೊಳೆಯಲಿಲ್ಲ.

‘ಆತು ಬಿಡು. ಆ ಬೆಂಚು ಮುರದ್ರ ಯಾರು ಕೂಡಸ್ತಾರ?’

ಅದಕ್ಕೂ ಹೊಳೆಯಲಿಲ್ಲ. ‘ಅದು ಮುರಿಯೂದಿಲ್ಲಂತ್ರಿ ಅಜ್ಜಾ’ ಅಂದೆ. ಅವರು ನಕ್ಕು, ಒಳಗಿದ್ದ ಸೊಸೆಗೆ ಚಹಾ ತರಲು ಕೂಗಿದರು.

ಈ ಬರಹ ಆ ಎರಡು ಪ್ರಶ್ನೆಗಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

*

ಯಾವ ಮರ ಉಳೀತು?

ನಾನು ‘ಮರ’ ಎಂದು ಬರೆದಾಗ ನನ್ನ ಕಣ್ಣ ಮುಂದಿದ್ದದ್ದು ಒಂದು ಚಿತ್ರ: ದಟ್ಟ ಕಾಡು, ಕೊಡಲಿ, ಉರುಳುವ ಮರ. ಆದರೆ ಹಾವೇರಿ ಜಿಲ್ಲೆಯಲ್ಲಿ ಮರ ಎಂದರೆ ಬೇರೆ ಬೇರೆ ಸಂಗತಿಗಳು. ಬದುವಿನ ಮೇಲಿನ ಜಾಲಿ ಮರವೇ. ಅಂಗಳದ ಬೇವು ಮರವೇ. ರಸ್ತೆ ಪಕ್ಕ ಕಾಣುವ ನೀಲಗಿರಿ ತೋಪೂ ಮರವೇ. ಇವೆಲ್ಲಕ್ಕೂ ಒಂದೇ ಹೆಸರಿಟ್ಟು ‘ಉಳಿಯಬೇಕು’ ಅಂದರೆ, ನಮ್ಮ ಜಿಲ್ಲೆಯ ಒಂದು ಮುಖ್ಯ ಹೋರಾಟವನ್ನೇ ಮರೆತಂತೆ.

1984ರಲ್ಲಿ ಕರ್ನಾಟಕ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಜಂಟಿ ಕಂಪನಿ ಮಾಡಿಕೊಂಡವು. ಕಾರ್ಖಾನೆಯ ಹೆಸರಿನಲ್ಲಿ ಹರಿಹರ ಇದ್ದರೂ ಅದು ಇರುವುದು ತುಂಗಭದ್ರೆಯ ಈಚೆ ದಡದಲ್ಲಿ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ. ಅಲ್ಲಿ ನೀಲಗಿರಿ ಮರ ತಿರುಳಾಗುತ್ತದೆ; ಆ ತಿರುಳು ರೇಯಾನ್ ನೂಲಿನ ಮೂಲ. ಅದಕ್ಕೆ ಬೇಕಾದ ಮರ ಬೆಳೆಸಲು ಹಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಜಮೀನನ್ನು ಈ ಜಂಟಿ ಕಂಪನಿಗೆ ಕೊಡುವುದೆಂದು ತೀರ್ಮಾನವಾಯಿತು. ಕಾಗದದಲ್ಲಿ ಅದು ಸರ್ಕಾರದ ಜಮೀನು. ಊರವರ ಪಾಲಿಗೆ ಅದು ದನ ಮೇಯುವ, ಉರುವಲು ಆರಿಸುವ, ಹಣ್ಣು ಕೀಳುವ ಜಾಗ.

ಸಮಾಜ ಪರಿವರ್ತನ ಸಮುದಾಯ ಇದರ ವಿರುದ್ಧ ನಿಂತಿತು. ಶಿವರಾಮ ಕಾರಂತರೂ ಸೇರಿದಂತೆ ಹಲವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೂರರಷ್ಟು ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು, ಉರುವಲಿಗೆ ಒದಗುವ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಈ ಕತೆಯನ್ನು ಮತ್ತೆ ಓದಿದಾಗ ನನ್ನ ಎರಡು ನಿಮಿಷದ ಉತ್ತರ ಎಷ್ಟು ತೆಳುವಾಗಿತ್ತೆಂದು ಅರ್ಥವಾಯಿತು. ಆವತ್ತು ಕುಸನೂರಿನಲ್ಲಿ ಗಿಡ ಕಿತ್ತವರು ಮರದ ಪರವಾಗಿದ್ದರು. ಗಿಡ ನೆಟ್ಟವರ ಕಣ್ಣು ನೂಲಿನ ಮೇಲಿತ್ತು. ಹಸಿರನ್ನು ಹೆಕ್ಟೇರಿನಲ್ಲಿ ಎಣಿಸುವವರಿಗೆ ಎರಡರ ವ್ಯತ್ಯಾಸ ಕಾಣುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಣೆಯಾದ ಅದರ ವಿಸ್ತೀರ್ಣ 119 ಚದರ ಕಿಲೋಮೀಟರ್. ಅದರ ಬಹುಭಾಗದಲ್ಲಿ ನೀಲಗಿರಿ ತೋಪುಗಳಿವೆ. ಕೃಷ್ಣಮೃಗ ಬಯಲಿನ ಪ್ರಾಣಿ, ಅದಕ್ಕೆ ಬೇಕಾದದ್ದು ಹುಲ್ಲು. ಅಲ್ಲಿ ಮರ ಹೆಚ್ಚಾದರೆ ಅದರ ಬಯಲು ಕಡಿಮೆಯಾಗುತ್ತದೆ.

ಹಾಗಾದರೆ ಕಟ್ಟಿಗೆ ಬಳಸುವುದು ತಪ್ಪೋ ಸರಿಯೋ ಎಂಬ ಪ್ರಶ್ನೆಗೆ ಕಟ್ಟಿಗೆಯನ್ನು ನೋಡಿ ಉತ್ತರ ಹೇಳಲಾಗದು. ಅದು ಯಾವ ನೆಲದಿಂದ ಬಂತು, ಅಲ್ಲಿ ಮತ್ತೆ ಗಿಡ ಎದ್ದಿತೇ, ಆ ನೆಲದ ಮೇಲೆ ಯಾರ ಹಕ್ಕಿತ್ತು ಎಂಬುದನ್ನು ನೋಡಬೇಕು. ಅಡ್ಡೆಯಲ್ಲಿ ಸಿಗುವ ದಿಮ್ಮಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದು ಕಷ್ಟ. 1996ರ ಡಿಸೆಂಬರಿನ ಗೋದಾವರ್ಮನ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟು ಕಾಡು ಕಡಿಯುವುದಕ್ಕೆ ಬಿಗಿ ಕಡಿವಾಣ ಹಾಕಿತು. ಅದು ಆಗಬೇಕಾದ ಕೆಲಸವೇ. ಆದರೆ ನಮ್ಮ ಬಾಗಿಲು, ಮಂಚಗಳ ಆಸೆ ಅದರಿಂದ ಕಡಿಮೆಯಾಗಲಿಲ್ಲ. ಹೊರದೇಶಗಳ ದಿಮ್ಮಿಗಳು ಹಡಗಿನಲ್ಲಿ ಬರುತ್ತಲೇ ಇವೆ. ನಮ್ಮ ಕಾಡು ಉಳಿಸಿಕೊಂಡು ಇನ್ನೊಬ್ಬರ ಕಾಡಿನಲ್ಲಿ ಕೂತು ಓದುವ ಬೆಂಚು ಅಷ್ಟೇನೂ ಪವಿತ್ರವಲ್ಲ.

*

ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಗೂ ಕೇಳಬೇಕು. ಯಾವ ಪ್ಲಾಸ್ಟಿಕ್ ಕಡಿಮೆಯಾಯಿತು?

ರಾಣೆಬೆನ್ನೂರು ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು. ಬ್ಯಾಡಗಿ ಮೆಣಸಿನಕಾಯಿಗೆ. ಎರಡೂ ಕಡೆ ಹೊಲದಂಚಿನಲ್ಲಿ ನಡೆದರೆ ಹರಿದ ಮಲ್ಚಿಂಗ್ ಹಾಳೆ, ಹನಿ ನೀರಾವರಿಯ ಹಳೆ ಪೈಪು, ಔಷಧದ ಡಬ್ಬಿ, ಗೊಬ್ಬರದ ಚೀಲ ಕಾಣುತ್ತವೆ. ಸಂಜೆ ಹೊತ್ತು ಅದಕ್ಕೆ ಬೆಂಕಿ ಹಚ್ಚುವುದೂ ಕಾಣುತ್ತದೆ. ಮರುಬಳಕೆಯ ಬೆಂಚು ಬಂದರೆ ಇದು ಕಡಿಮೆಯಾಗುತ್ತದೆಂದು ನಾನು ನಂಬಿದ್ದೆ.

ಮರುಬಳಕೆ ನಡೆಯುವ ರೀತಿ ಬೇರೆ. ದಪ್ಪಗಿರುವ, ಒಂದೇ ಜಾತಿಯ, ಸ್ವಚ್ಛವಾದ ಪ್ಲಾಸ್ಟಿಕ್ಕಿಗೆ ಗುಜರಿಯಲ್ಲಿ ಬೆಲೆ. ಹಾಲಿನ ಕ್ರೇಟು, ಶಾಂಪೂ ಬಾಟಲಿ, ಕೊಡ ಮೊದಲಾದವು. ತೆಳ್ಳಗಿನ, ಮಣ್ಣು ಮೆತ್ತಿದ, ಬಿಸಿಲಿಗೆ ಪುಡಿಯಾಗುತ್ತಿರುವ ಹಾಳೆಯನ್ನು ತೊಳೆಯುವ ಖರ್ಚೇ ಅದರ ಬೆಲೆಗಿಂತ ಹೆಚ್ಚು. ನಮ್ಮ ಬೆಂಚಿನ ಪ್ಲಾಸ್ಟಿಕ್ಕನ್ನು ಬಹುಶಃ ಯಾವುದೋ ದೊಡ್ಡ ಊರಿನಲ್ಲಿ ಒಬ್ಬ ಹೆಂಗಸು ಬರಿಗೈಯಲ್ಲಿ ಆರಿಸಿರುತ್ತಾಳೆ. ಆಕೆಯ ಕೆಲಸ ದೊಡ್ಡದು. ಬೆಂಗಳೂರಿನ ಹಸಿರು ದಳದಂಥ ಸಂಘಟನೆಗಳು ಅದಕ್ಕೆ ಗುರುತು, ಗೌರವ ತಂದುಕೊಡಲು ಹೆಣಗುತ್ತಿವೆ. ಆದರೆ ದರಪಟ್ಟಿಯಲ್ಲಿ ‘ಪರಿಸರಸ್ನೇಹಿ’ ಎಂಬ ಮಾತಿತ್ತೇ ಹೊರತು ಆಕೆಯ ಸುದ್ದಿ ಇರಲಿಲ್ಲ. ನಮ್ಮ ಹೊಲದಂಚಿನ ಕಸ ಅಲ್ಲೇ ಉಳಿಯುತ್ತದೆ. ಎಲ್ಲಿಯದೋ ಕಸ ನಮ್ಮ ಅಂಗಳಕ್ಕೆ ಬೆಂಚಾಗಿ ಬರುತ್ತದೆ. ನಮಗೆ ಮಾತ್ರ ನಮ್ಮ ಲೆಕ್ಕ ಚುಕ್ತಾ ಆಯಿತೆನ್ನಿಸುತ್ತದೆ.

ಹೀಗೆಂದು ಆ ಹಲಗೆಯನ್ನು ತೆಗಳುವುದು ಅನ್ಯಾಯ. ಅದರ ಗುಣ ನಿಜವಾದದ್ದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನಲ್ಲಿ ಕಟ್ಟಿಗೆಯ ಕಂಬ ಹುಗಿದರೆ ನೆಲದ ಮಟ್ಟದಲ್ಲೇ ಕೊಳೆಯಲು ಶುರುವಾಗುತ್ತದೆ, ಗೆದ್ದಲು ಏರುತ್ತದೆ. ಅದನ್ನು ತಡೆಯಲು ಹಾಕುವ ಔಷಧಗಳಲ್ಲಿ ವಿಷವೂ ಇರುತ್ತದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮಾಡಿದ ಒಂದು ಲೇಪವನ್ನು ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಕಟ್ಟಿಗೆಯಿಂದ ಹಿಂತೆಗೆದುಕೊಂಡರು. ಮಕ್ಕಳು ಆಡುವ ಜಾಗಗಳ ಆತಂಕ ಅದಕ್ಕೊಂದು ಕಾರಣ. ಪ್ಲಾಸ್ಟಿಕ್ ಕಂಬಕ್ಕೆ ಈ ಯಾವುದೂ ಬೇಡ.

ಅದರ ದೋಷಗಳೂ ನಿಜವೇ. ಪಾಲಿಥಿಲೀನ್ ಬಿಸಿಲಿಗೆ ಹಿಗ್ಗುವುದು ಹೆಚ್ಚು. ಮೂರು ಮೀಟರ್ ಹಲಗೆಗೆ ಮೂವತ್ತು ಡಿಗ್ರಿ ಶಾಖ ಏರಿದರೆ ಅದು ಒಂದು ಸೆಂಟಿಮೀಟರಿನ ಆಸುಪಾಸು ಉದ್ದವಾಗುತ್ತದೆ. ಕಟ್ಟಿಗೆ ಎಳೆಯುದ್ದಕ್ಕೆ ಒಂದು ಮಿಲಿಮೀಟರೂ ಆಗುವುದಿಲ್ಲ. ಅದರ ಬಿಗುವು ಗಟ್ಟಿ ಕಟ್ಟಿಗೆಯ ಸುಮಾರು ಹತ್ತನೇ ಒಂದು ಭಾಗ. ಹಾಗಾಗಿ ಅಗಲ ಅಂತರದಲ್ಲಿ ಭಾರ ಹೊತ್ತರೆ ವರ್ಷಗಳು ಕಳೆದಂತೆ ನಡು ಬಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಪ್ಪು ಹಲಗೆಯ ಮೇಲೆ ಚಡ್ಡಿ ಹಾಕಿದ ಹುಡುಗ ಕೂರಲಾರ. ಬಿಸಿಲಿಗೆ ಮೇಲ್ಮೈ ಸವೆದರೆ ಕಣಕಣವಾಗಿ ಮಣ್ಣು ಸೇರುತ್ತದೆ.

*

ಮುರದ್ರ ಯಾರು ಕೂಡಸ್ತಾರ?

ಅರಿಸ್ಟಾಟಲ್ ತನ್ನ ‘ಭೌತಶಾಸ್ತ್ರ’ದಲ್ಲಿ ಆಂಟಿಫಾನ್ ಎಂಬ ಹಿಂದಿನವನ ಒಂದು ವಾದವನ್ನು ನೆನೆಯುತ್ತಾನೆ. ಒಂದು ಮಂಚವನ್ನು ನೆಲದಲ್ಲಿ ಹೂತೆವೆಂದುಕೊಳ್ಳಿ. ಅದು ಕೊಳೆತು, ಆ ಕೊಳೆತಕ್ಕೆ ಚಿಗುರುವ ಶಕ್ತಿ ಬಂದರೆ ಏನು ಹುಟ್ಟುತ್ತದೆ? ಮಂಚ ಹುಟ್ಟುವುದಿಲ್ಲ, ಮರ ಹುಟ್ಟುತ್ತದೆ. ಅಂದರೆ ಮಂಚತನ ಮನುಷ್ಯ ಹೊದಿಸಿದ್ದು, ಒಳಗಿರುವುದು ಮರವೇ. ಅರಿಸ್ಟಾಟಲ್ ಈ ವಾದವನ್ನು ಪೂರ್ತಿ ಒಪ್ಪುವುದಿಲ್ಲ. ನನಗೆ ಅದು ಬೇಕಾಗಿರುವುದು ಬೇರೆ ಕಾರಣಕ್ಕೆ. ಪ್ಲಾಸ್ಟಿಕ್ ಬೆಂಚನ್ನು ಹೂತರೆ ಏನು ಹುಟ್ಟುತ್ತದೆ? ಏನೂ ಇಲ್ಲ. ಅದು ಬೆಂಚಾಗಿಯೇ ಇರುತ್ತದೆ, ಆಮೇಲೆ ಬೆಂಚಿನ ಚೂರುಗಳಾಗಿ ಇರುತ್ತದೆ. ಕಟ್ಟಿಗೆಯ ಬೆಂಚು ಎಷ್ಟೇ ನಿರ್ಲಕ್ಷ್ಯಕ್ಕೆ ಬಿದ್ದರೂ ಅದನ್ನು ವಾಪಸು ತೆಗೆದುಕೊಳ್ಳಲು ಮಣ್ಣು ಕಾದಿರುತ್ತದೆ. ಪ್ಲಾಸ್ಟಿಕ್ ಬೆಂಚನ್ನು ವಾಪಸು ಪಡೆಯಲು ಒಬ್ಬ ಮನುಷ್ಯನೇ ಬರಬೇಕು.

ಆ ಮನುಷ್ಯ ಯಾರು? ನಮ್ಮಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಉತ್ಪಾದಕರ ಹೊಣೆಯನ್ನು ವಿವರಿಸಿ 2022ರಲ್ಲಿ ಬಂದ ಮಾರ್ಗಸೂಚಿ ಪ್ಯಾಕೇಜಿಂಗ್ ಪ್ಲಾಸ್ಟಿಕ್ಕಿನದು. ಬೆಂಚು ಪ್ಯಾಕೇಜಿಂಗ್ ಅಲ್ಲ. ಶಾಂಪೂ ಬಾಟಲಿಯಾಗಿದ್ದಾಗ ಅದಕ್ಕೊಬ್ಬ ಹೊಣೆಗಾರನಿದ್ದ. ಬೆಂಚಾದ ಕೂಡಲೇ ಅದು ನಮ್ಮ ಶಾಲೆಯ ಆಸ್ತಿ.

ಇಲ್ಲಿಗೆ ಬಂದಾಗ ನನಗೆ ಉತ್ಸಾಹ ಹೆಚ್ಚಾಗಿತ್ತು. ‘ನಿರ್ವಹಣೆ ಬೇಡ’ ಎಂಬುದೇ ಅನೈತಿಕ ಮಾತು, ನಮ್ಮ ವಸ್ತುಗಳನ್ನು ಆರೈಕೆ ಮಾಡುವುದೇ ಬದುಕು, ಕಟ್ಟಿಗೆ ನಮ್ಮನ್ನು ಆರೈಕೆಗೆ ಕರೆಯುತ್ತದೆ ಎಂದೆಲ್ಲ ಬರೆದುಕೊಂಡೆ. ಅದನ್ನು ಓದಿ ತಣ್ಣೀರೆರಚಿದ್ದು ಅದೇ ಶಾಲೆಯಲ್ಲಿ ಪಾಠ ಮಾಡುವ ನನ್ನ ಗೆಳತಿ. ‘ಎಣ್ಣಿ ಹಚ್ಚೋರು ಯಾರು? ನೀನಂತೂ ಧಾರವಾಡದಾಗ ಇರ್ತಿ’ ಅಂದಳು. ಹಲಗೆ ಸಡಿಲಾಗಿ ಮೊಳೆ ಎದ್ದರೆ ಮಗುವಿನ ತೊಡೆಗೆ ಚುಚ್ಚುತ್ತದೆ. ಆಮೇಲೆ ಪಾಲಕರು ಬಂದು ನಿಲ್ಲುವುದು ಆಕೆಯ ಮುಂದೆ. ಸರ್ಕಾರಿ ಶಾಲೆಗೆ ಹೊಸದನ್ನು ಕೊಡುವವರು ಸಿಗುತ್ತಾರೆ, ಫಲಕದ ಮೇಲೆ ಹೆಸರು ಬರುತ್ತದೆ. ಇದ್ದದ್ದನ್ನು ದುರಸ್ತಿ ಮಾಡಲು ಹಣ ಕೊಟ್ಟವರ ಫಲಕವನ್ನು ನಾನು ಎಲ್ಲೂ ನೋಡಿಲ್ಲ. ಇಂಥ ಕಡೆ ‘ನಿರ್ವಹಣೆ ಬೇಡ’ ಎಂಬುದು ಸೋಮಾರಿತನದ ಮಾತಲ್ಲ, ದುಡಿದು ಸುಸ್ತಾದವರಿಗೆ ಸಿಕ್ಕ ಸ್ವಲ್ಪ ಬಿಡುವು. ಆರೈಕೆಯನ್ನು ಹೊಗಳುವ ಮೊದಲು ಅದನ್ನು ಯಾರ ಕೈಗೆ ಹಚ್ಚುತ್ತಿದ್ದೇವೆಂದು ನೋಡಿಕೊಳ್ಳಬೇಕು. ನಾನು ನೋಡಿಕೊಂಡಿರಲಿಲ್ಲ.

*

ಈ ಎಲ್ಲ ಹಿಂದೆ ಮುಂದೆ ಓಡಾಟದಲ್ಲಿ ನನಗೆ ಸ್ಪಷ್ಟವಾದದ್ದು ಒಂದು ಮಾತು. ಯಾವ ವಸ್ತು ಶುದ್ಧ ಎಂಬ ಪ್ರಶ್ನೆಯೇ ತಪ್ಪು ದಾರಿ. ಎರಡೂ ಸಾಲದ ವಸ್ತುಗಳು. ಆದರೆ ಎರಡು ಬಗೆಯ ಸಾಲ.

ಪ್ಲಾಸ್ಟಿಕ್ಕಿನದು ಹಳೆಯ ಸಾಲ. ನಾವು, ನಮ್ಮ ಹಿಂದಿನವರು ಈಗಾಗಲೇ ತೆಗೆದುಕೊಂಡು ಖರ್ಚು ಮಾಡಿದ್ದು. ಅದು ನಮ್ಮ ಸುತ್ತ ರಾಶಿ ಬಿದ್ದಿದೆ. ಅದನ್ನು ಬೆಂಚು ಮಾಡಿದರೆ ಸಾಲ ತೀರುವುದಿಲ್ಲ, ಕಂತು ಮುಂದಕ್ಕೆ ಹೋಗುತ್ತದೆ. ಹಾಗೆ ಮುಂದಕ್ಕೆ ಹೋಗುವುದರಲ್ಲೂ ಒಳಿತಿದೆ: ಹಳ್ಳಕ್ಕೆ, ಬೆಂಕಿಗೆ ಹೋಗಬೇಕಾದದ್ದು ಕೆಲವು ದಶಕ ಒಂದೆಡೆ ಸುಮ್ಮನೆ ನಿಲ್ಲುತ್ತದೆ. ಕಟ್ಟಿಗೆಯದು ಹೊಸ ಸಾಲ, ಮುಂದೆ ಬರುವವರಿಂದ ಪಡೆದದ್ದು. ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಗಾಳಿಯಿಂದ ಮರ ಕಟ್ಟಿಕೊಂಡದ್ದು. ಬೆಂಚು ಇರುವವರೆಗೆ ಅದು ಅಲ್ಲೇ ಇರುತ್ತದೆ. ಬೆಂಚು ಮುಗಿಯುವ ಹೊತ್ತಿಗೆ ಇನ್ನೊಂದು ಮರ ಅಷ್ಟು ಬೆಳೆದಿದ್ದರೆ ಲೆಕ್ಕ ಸರಿಹೋಗುತ್ತದೆ. ಬೆಳೆದಿಲ್ಲದಿದ್ದರೆ ನಾವು ಮೊಮ್ಮಕ್ಕಳ ಮರದ ಮೇಲೆ ಕೂತಿದ್ದೇವೆ.

ನಿಜವಾದ ತಪ್ಪು ಆಗುವುದು ಸಾಲ ಮಾಡಿದಾಗ ಅಲ್ಲ, ಸಾಲವಿಲ್ಲವೆಂದು ನಂಬಿದಾಗ. ‘ಮರುಬಳಕೆಯದು’ ಎಂಬ ಚೀಟಿ, ‘ನೈಸರ್ಗಿಕ’ ಎಂಬ ಚೀಟಿ, ಎರಡೂ ಆ ನಂಬಿಕೆಯನ್ನೇ ಮಾರುತ್ತವೆ. ಬಸ್ಸಿನಲ್ಲಿ ಕೂತು ನಾನು ಗುಂಪಿಗೆ ಕಳಿಸಿದ್ದೂ ಅಂಥದೊಂದು ಚೀಟಿಯೇ.

ಹಾಗಾದರೆ ಆಯ್ಕೆ ಹೇಗೆ? ನನಗೆ ಸಿಕ್ಕ ಅಳತೆ ಇದು: ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ನಡುವೆ ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರಕ್ಕೂ ನಮ್ಮಿಂದ ಉತ್ತರ ಹೇಳಲು ಆಗುವಷ್ಟನ್ನೇ ಕಟ್ಟಬೇಕು. ಈ ಅಳತೆ ಹಿಡಿದರೆ ಮೊದಲು ಬದಲಾಗುವುದು ಪ್ರಮಾಣ. ಹತ್ತು ಬೆಂಚು ಯಾಕೆ ಬೇಕು ಎಂದು ಕೇಳಿದಾಗ ಯಾರಿಗೂ ಕಾರಣ ಗೊತ್ತಿರಲಿಲ್ಲ; ಹತ್ತು ಎಂಬುದು ದರಪಟ್ಟಿಯಲ್ಲಿದ್ದ ಸಂಖ್ಯೆ. ಬೇವಿನ ಮರಕ್ಕೆ ಹಳೆಯದೊಂದು ಕಲ್ಲಿನ ಕಟ್ಟೆ ಇತ್ತು, ಒಂದು ಮಗ್ಗುಲು ಕುಸಿದಿತ್ತು. ನಮ್ಮ ಸೀಮೆಯವರು ತಲೆಮಾರುಗಳಿಂದ ಬಯಲಲ್ಲಿ ಕೂತು ಮಾತಾಡಿದ್ದು ಕಟ್ಟೆಯ ಮೇಲೆಯೇ. ಅದನ್ನು ಮತ್ತೆ ಕಟ್ಟಿಸಿದರೆ ನಾಲ್ಕು ಬೆಂಚು ಸಾಕಾಗುತ್ತಿತ್ತು. ಬೇಲಿ ಬೇಕೇ ಇರಲಿಲ್ಲ.

ಆ ನಾಲ್ಕು ಬೆಂಚಿಗೆ ಏನು ಹಚ್ಚುವುದೆಂದು ಕೇಳಲು ಅಜ್ಜನ ಹತ್ತಿರ ಹೋದೆ. ಅವರು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು: ಬಿಚ್ಚಿದ ಮನೆಗಳಿಂದ ತಂದ ತೊಲೆ, ಜಂತಿ, ಟ್ರ್ಯಾಕ್ಟರ್ ಬಂದ ಮೇಲೆ ಯಾರೋ ಮಾರಿದ ಚಕ್ಕಡಿಯ ಜಾಲಿ ಕಟ್ಟಿಗೆ. ಹಳೆ ಮನೆಯ ತೊಲೆಯನ್ನು ಹೊಸ ಮನೆಗೆ ಏರಿಸುವುದು ನಮ್ಮ ಕಡೆ ಯಾವತ್ತೂ ನಡೆದುಬಂದದ್ದು. ಅದಕ್ಕೆ ಯಾರೂ ‘ಮರುಬಳಕೆ’ ಎಂಬ ಹೆಸರಿಟ್ಟಿರಲಿಲ್ಲ, ಅದರ ಮೇಲೆ ಹಸಿರು ಮುದ್ರೆ ಇರಲಿಲ್ಲ, ಹಾಗಾಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದರಿಂದ ಪ್ರಶ್ನೆ ತಪ್ಪಿಸಿಕೊಂಡಂತಾಗಬಾರದು. ಹಳೆ ತೊಲೆಗಳು ಒಂದು ದಿನ ಮುಗಿಯುತ್ತವೆ, ಮುಂದಿನ ಬೆಂಚಿಗೆ ಹೊಸ ಮರವೇ ಬೇಕು. ಅದಕ್ಕೆ ಶಾಲೆಯ ಹಿಂದಿನ ಬದುವಿಗೆ ಹನ್ನೆರಡು ಜಾಲಿ, ಹೊಂಗೆ ಸಸಿ ನೆಟ್ಟೆವು. ನೆಲದೊಳಗೆ ಹೋಗುವ ಗಿಡ್ಡ ಕಂಬಗಳಿಗೆ ಪ್ಲಾಸ್ಟಿಕ್ಕನ್ನೇ ತಂದೆವು. ಅಲ್ಲಿ ಬಿಸಿಲಿಲ್ಲ, ಬಗ್ಗುವ ಭಯವಿಲ್ಲ, ಗೆದ್ದಲಿಗೆ ವಿಷ ಹಾಕಬೇಕಿಲ್ಲ. ಮೇಲಿನ ಹಲಗೆಗಳಿಗೆ ಮೊಳೆ ಬೇಡ, ಬೋಲ್ಟ್ ಹಾಕಿ ಅಂದೆವು. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬಿಚ್ಚಬಹುದು. ಕೂಡಿಸಿದ ಹಣದಲ್ಲಿ ಉಳಿದದ್ದನ್ನು ಹೆಸರಿನ ಫಲಕಕ್ಕೆ ಖರ್ಚು ಮಾಡದೆ ದುರಸ್ತಿಗೆಂದು ಇಟ್ಟೆವು. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಲು ನಾವೇ ಬರಬೇಕೆಂದು ಗೆಳತಿ ಷರತ್ತು ಹಾಕಿದಳು. ಕಂಬ ಮಾರಿದವರಿಗೆ, ಹಾಳಾದ ಮೇಲೆ ವಾಪಸು ತೆಗೆದುಕೊಳ್ಳುವಿರಾ ಎಂದು ಬರೆದು ಕೇಳಿದೆವು. ಉತ್ತರ ಬಂದಿಲ್ಲ. ನಮ್ಮ ಅಳತೆಯಲ್ಲಿ ಆ ಒಂದು ಪ್ರಶ್ನೆ ಇನ್ನೂ ಖಾಲಿ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಕಂಬ ಪ್ಲಾಸ್ಟಿಕ್ಕಿನವು ಎಂದಾಗ ಅಜ್ಜ ಬೇಜಾರಾದಾರೆಂದು ಹೆದರಿದ್ದೆ. ಅವರು ಒಂದನ್ನು ಎತ್ತಿ, ತೂಗಿ ನೋಡಿ, ಉಗುರಿನಿಂದ ಕೆರೆದು, ‘ಕಾಲು ಇದರವು ಇರ್ಲಿ ಬಿಡವಾ, ಕೂಡ್ರೂದು ನನ್ನ ಹಲಗಿ ಮ್ಯಾಲ ಅಲ್ಲ?’ ಅಂದರು. ಶಾಲೆಯಲ್ಲಿ ಈಗ ಒಂದು ನೋಟ್‌ಬುಕ್ ಇದೆ. ಯಾವ ಹಲಗೆ ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಎಂದು ಬರೆಯಲು ಗೆರೆ ಎಳೆದಿದ್ದೇವೆ. ಇನ್ನೂ ಯಾರೂ ಏನೂ ಬರೆದಿಲ್ಲ. ಎಣ್ಣೆ ಹಚ್ಚಲು ನಾನು ಮುಂದಿನ ಯುಗಾದಿಗೆ ಹೋಗಬೇಕು.